ಗೊಡ್ಡು ಅನ್ನಿಸಿಕೊಂಡ ಮಿಂಚು

ಮಿಂಚು ನಮ್ಮ ಮನೆಗೆ ಬಂದಿದ್ದು 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಎರಡು ವಾರ ಮೊದಲು. ಮುಧೋಳ ತಳಿಯ ಎರಡು ತಿಂಗಳ ಹೆಣ್ಣು ನಾಯಿಮರಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರದ ಹಳ್ಳಿಯಿಂದ ತಂದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ನನ್ನ ಮಡಿಲಲ್ಲೇ ಮಲಗಿತ್ತು. ನಮ್ಮದು ಗುಬ್ಬಿ ತಾಲ್ಲೂಕು, ತೆಂಗಿನ ತೋಟ. ಒಂದು ವರ್ಷಕ್ಕೆ ತೋಟದ ಈ ಬೇಲಿಯಿಂದ ಆ ಬೇಲಿಗೆ ಬಾಣ ಬಿಟ್ಟ ಹಾಗೆ ಓಡೋಳು. ಹೆಸರು ಹಾಗೇ ಬಂತು.

ಎರಡು ವರ್ಷ ತುಂಬಿದಾಗ ಒಂದು ಸಲ ಮರಿ ಮಾಡಿಸೋಣ ಅಂದುಕೊಂಡೆವು. ಮಾರೋಕಲ್ಲ, ನೆಂಟರು ಮೂರು ಜನ ಆಗಲೇ ಕೇಳಿ ಇಟ್ಟಿದ್ದರು. ನಮ್ಮ ಕಡೆ ಮುಧೋಳ ಗಂಡು ಸಿಗೋದು ಕಷ್ಟ. ತುಮಕೂರಿನ ಹೊರಗೆ ಒಬ್ಬರು ಇದ್ದಾರೆ. ಬಾಗಲಕೋಟೆ ಕಡೆಯವರು, ಇಪ್ಪತ್ತು ವರ್ಷದ ಹಿಂದೆ ರಸ್ತೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಎಲ್ಲರೂ ಅವರನ್ನು ಕಾಕಾ ಅಂತಾರೆ, ನಾನೂ ಅಷ್ಟೇ. ಅವರ ಗಂಡು ನಾಯಿ ಸರ್ದಾರ. ನೋಡಿದರೆ ಕೈ ಮುಗಿಯಬೇಕು, ಅಂಥ ನಿಲುವು.

2022ರ ಫೆಬ್ರುವರಿಯಲ್ಲಿ ಮಿಂಚು ಬೆದೆಗೆ ಬಂದಳು. ಹಜಾರದ ನೆಲದ ಮೇಲೆ ರಕ್ತದ ಹನಿ ನೋಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಕಾಕಾಗೆ ಫೋನ್ ಮಾಡಿದೆ.

"ಹತ್ತನೇ ದಿನ ಒಮ್ಮೆ, ಹನ್ನೆರಡನೇ ದಿನ ಒಮ್ಮೆ ಬಿಡ್ರಿ ಸರ. ನಮ್ಮಪ್ಪನ ಕಾಲದಿಂದ ಹಿಂಗ ಮಾಡ್ಕೋತ ಬಂದೇವಿ."

ಹಾಗೇ ಮಾಡಿದೆವು. ಎರಡು ಸಲವೂ ಲಾಕ್ ಆಯಿತು, ಅಂದರೆ ಕೂಡಿದ ಮೇಲೆ ಎರಡೂ ಅಂಟಿಕೊಂಡೇ ನಿಂತವು, ಹದಿನೈದು ನಿಮಿಷ ಬಿಡಲಿಲ್ಲ. ಕಾಕಾ ಬೆಲ್ಲ ತಿನ್ನಿಸಿ ಕಳಿಸಿದರು.

ಆಮೇಲೆ ನಡೆದದ್ದು ಈಗ ನೆನೆದರೂ ಪಾಪ ಅನ್ನಿಸುತ್ತದೆ. ಮಿಂಚುವಿನ ಹೊಟ್ಟೆ ಸ್ವಲ್ಪ ಉಬ್ಬಿತು. ಮೊಲೆ ತುಂಬಿತು. ಐವತ್ತೈದನೇ ದಿನದ ಹೊತ್ತಿಗೆ ಒತ್ತಿದರೆ ಹಾಲು ಬರುತ್ತಿತ್ತು. ಹಳೇ ಗೋಣಿಚೀಲವನ್ನು ಕಾಲಿನಿಂದ ಕೆರೆದು ಕೆರೆದು ಹಾಸಿಗೆ ಮಾಡಿಕೊಂಡಳು. ಅಮ್ಮ ರಾಗಿ ಅಂಬಲಿ ಜಾಸ್ತಿ ಮಾಡಿದರು. ಅರವತ್ತು ದಿನ ಆಯಿತು, ಅರವತ್ತೈದು ಆಯಿತು. ಮರಿ ಬರಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ತೋಟದಿಂದ ಒಂದು ಹರಳನ್ನು ಕಚ್ಚಿ ತಂದು ಹಾಸಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಹರಳು ಅಂದರೆ ಬಲಿಯುವ ಮೊದಲೇ ಮರದಿಂದ ಉದುರಿದ ಪುಟ್ಟ ತೆಂಗಿನಕಾಯಿ. ಅದನ್ನು ಹೊಟ್ಟೆಗೆ ಒತ್ತಿಕೊಂಡು ನೆಕ್ಕುತ್ತಿದ್ದಳು. ಹತ್ತಿರ ಹೋದರೆ ಗುರ್ ಅನ್ನೋಳು. ಹತ್ತು ದಿನ ಹೀಗೇ ನಡೆಯಿತು.

ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಬೆದೆ, ಮತ್ತೆ ಸರ್ದಾರ. ಈ ಸಲ ಒಂಬತ್ತು, ಹನ್ನೊಂದು, ಹದಿಮೂರು ಅಂತ ಮೂರು ದಿನ ಬಿಟ್ಟೆವು. ಮತ್ತೆ ಏನೂ ಇಲ್ಲ.

ಊರಿನಲ್ಲಿ ಮಾತು ಶುರುವಾಯಿತು. ಹಾಲಿನ ಡೇರಿ ಹತ್ತಿರ ಒಬ್ಬರು "ಗೊಡ್ಡು ನಾಯಿಗೆ ಅಷ್ಟೊಂದು ಖರ್ಚು ಮಾಡ್ತೀಯಲ್ಲಪ್ಪ, ಯಾರಿಗಾದ್ರೂ ಕೊಟ್ಟುಬಿಡು" ಅಂದರು. ಗೊಡ್ಡು ಅನ್ನೋದು ನಮ್ಮಲ್ಲಿ ಗಬ್ಬ ನಿಲ್ಲದ ಹಸುವಿಗೆ ಹೇಳೋ ಮಾತು. ಇನ್ನೊಬ್ಬರು ಒಂದು ಹಾರ್ಮೋನ್ ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತೆ ಅಂದರು. ಹಸುವಿಗೆ ಹಾಕುವವರನ್ನೇ ಕರೆಸುತ್ತೀನಿ ಅಂತಲೂ ಹೇಳಿದರು. ನಾನೂ ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದೆ.

ತಡೆದಿದ್ದು ಅಮ್ಮ. "ನಾಯೀನೂ ಬಿಡಲ್ವಲ್ಲೋ ನೀವು. ಅದರ ಜೊತೆ ಇದ್ದ ಗಂಡು ನಾಯೀನ ಒಬ್ರಾದ್ರೂ ಏನಾದ್ರೂ ಕೇಳಿದ್ರಾ?" ಅಂದರು. ಅಮ್ಮ ಇದನ್ನು ನಾಯಿಯ ಬಗ್ಗೆ ಮಾತ್ರ ಹೇಳಲಿಲ್ಲ ಅಂತ ನನಗೆ ಗೊತ್ತು. ನಮ್ಮ ನೆಂಟರಲ್ಲೇ ಒಂಬತ್ತು ವರ್ಷ ಆ ಮಾತು ಕೇಳಿದ ಒಬ್ಬರು ಇದ್ದಾರೆ. ಅದು ಇರಲಿ.

2023ರ ಫೆಬ್ರುವರಿಯಲ್ಲಿ, ಮಿಂಚು ಬೆದೆಯಲ್ಲಿ ಇಲ್ಲದಾಗಲೇ, ತುಮಕೂರಿನಲ್ಲಿ ನಾಯಿ ಬೆಕ್ಕುಗಳನ್ನೇ ನೋಡುವ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಮಿಂಚುವನ್ನು ಮುಟ್ಟುವ ಮೊದಲು ಅರ್ಧ ಗಂಟೆ ನನ್ನನ್ನೇ ವಿಚಾರಿಸಿದರು.

ಬೆದೆ ಮುಂದೂಡೋಕೆ ಯಾವತ್ತಾದರೂ ಇಂಜೆಕ್ಷನ್ ಹಾಕಿಸಿದ್ದೀರಾ? ಇದು ಅವರ ಮೊದಲ ಪ್ರಶ್ನೆ. ನನಗೆ ಎದೆ ಧಸಕ್ ಅಂತು. ಅವಳ ಮೊದಲ ಬೆದೆಯಲ್ಲಿ ನಾವು ಧರ್ಮಸ್ಥಳಕ್ಕೆ ಹೊರಟಿದ್ದೆವು. ಒಬ್ಬರು ಇದೇ ಸಲಹೆ ಕೊಟ್ಟಿದ್ದರು. ಪುಣ್ಯಕ್ಕೆ ಮಾಡಿಸಿರಲಿಲ್ಲ. ಅಂಥ ಇಂಜೆಕ್ಷನ್‌ನಿಂದ ಗರ್ಭಕೋಶದ ಒಳಪದರ ದಪ್ಪವಾಗಿ ಗುಳ್ಳೆ ಏಳುತ್ತದಂತೆ, ಕೊನೆಗೆ ಕೀವು ತುಂಬಿಕೊಂಡು ಪ್ರಾಣಕ್ಕೇ ಬರಬಹುದಂತೆ. ತುರಿಕೆಗೆ ಸ್ಟೀರಾಯ್ಡ್ ಕೊಟ್ಟಿದ್ದೀರಾ? ಇಲ್ಲ. ಬೆದೆ ಎಷ್ಟು ತಿಂಗಳಿಗೊಮ್ಮೆ? ಎಂಟು ಒಂಬತ್ತು. ಅದು ಸರಿಯಾಗೇ ಇದೆ ಅಂದರು. ನಾಲ್ಕು ತಿಂಗಳಿಗೇ ಮತ್ತೆ ಬಂದರೆ, ಇಲ್ಲಾ ವರ್ಷ ದಾಟಿದರೂ ಬರದಿದ್ದರೆ ಅಂಡಾಶಯ, ಥೈರಾಯ್ಡ್ ಕಡೆ ನೋಡಬೇಕಾಗುತ್ತದಂತೆ.

ಆಮೇಲೆ ನಾನು ಹರಳಿನ ಕಥೆ ಹೇಳಿದೆ. ಸ್ವಲ್ಪ ನಾಚಿಕೆಯಿಂದಲೇ. ಅವರು ನಗಲಿಲ್ಲ, ಪೆನ್ ಕೆಳಗಿಟ್ಟರು.

"ಅದನ್ನ ಮೊದಲೇ ಹೇಳಬಾರದಿತ್ತಾ? ನಿಮ್ಮ ನಾಯಿ ಗೊಡ್ಡಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?"

ನಾಯಿಗಳಲ್ಲಿ ಒಂದು ವಿಚಿತ್ರ ಇದೆಯಂತೆ. ಅಂಡ ಬಿಡುಗಡೆಯಾದ ಮೇಲೆ ಗಬ್ಬ ನಿಂತರೂ ನಿಲ್ಲದಿದ್ದರೂ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಮೈಯಲ್ಲಿ ಇದ್ದೇ ಇರುತ್ತದೆ. ಅದು ಇಳಿಯುವಾಗ ಹಾಲಿನ ಹಾರ್ಮೋನ್ ಏರುತ್ತದೆ. ಆಗ ಕೆಲವು ನಾಯಿಗಳು ಮರಿ ಹಾಕಿದ ಹಾಗೇ ಆಡುತ್ತವೆ. ಅಂದರೆ ಹರಳನ್ನು ಮಗು ಅಂದುಕೊಂಡ ಮಿಂಚುವಿಗೆ ಅಂಡಾಶಯ ಕೆಲಸ ಮಾಡಿತ್ತು, ಅಂಡವೂ ಬಂದಿತ್ತು. ಬಂದಾಗ ಅದನ್ನು ಸೇರೋಕೆ ಏನೂ ಇರಲಿಲ್ಲ, ಅಷ್ಟೇ.

"ಈಗ ಎರಡು ಪ್ರಶ್ನೆ" ಅಂದರು ಡಾಕ್ಟರ್. "ನೀವು ಬಿಟ್ಟ ದಿನ ಸರಿ ಇತ್ತಾ? ಮತ್ತೆ, ಆ ಗಂಡು ಸರಿ ಇದೆಯಾ?"

ಅದಕ್ಕೂ ಮೊದಲು ಎರಡೂ ನಾಯಿಗಳ ರಕ್ತ ಬೇಕು ಅಂದರು, ಬ್ರೂಸೆಲ್ಲಾ ಪರೀಕ್ಷೆಗೆ. ಹಸುಗಳಲ್ಲಿ ಗಬ್ಬ ಇಳಿಸುವ ಬ್ರೂಸೆಲ್ಲಾ ನಮಗೆ ಗೊತ್ತು. ನಾಯಿಗಳದ್ದು ಬೇರೆ, ಬ್ರೂಸೆಲ್ಲಾ ಕೇನಿಸ್. ಹೆಣ್ಣಿಗೆ ತಗುಲಿದರೆ ನಲವತ್ತೈದು ಐವತ್ತು ದಿನ ದಾಟಿದ ಗಬ್ಬ ಇಳಿದುಹೋಗುತ್ತದೆ, ಇಲ್ಲಾ ನಿಲ್ಲುವುದೇ ಇಲ್ಲ. ಗಂಡಿಗೆ ಬೀಜದಲ್ಲಿ ಊತ, ಆಮೇಲೆ ಬೀಜ ಒಣಗಿ ಚಿಕ್ಕದಾಗುತ್ತದೆ. ಮೇಲೆ ನೋಡಿದರೆ ನಾಯಿ ಗಟ್ಟಿಮುಟ್ಟಾಗೇ ಇರುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟರೂ ಪೂರ್ತಿ ಹೋಯಿತು ಅಂತ ನಂಬೋ ಹಾಗಿಲ್ಲ. ಮನುಷ್ಯರಿಗೂ ಬರುತ್ತದೆ. ಹತ್ತು ಊರಿನ ಹೆಣ್ಣು ನಾಯಿಗಳು ಒಂದೇ ಗಂಡಿನ ಹತ್ತಿರ ಬರುವಾಗ ಇದನ್ನು ಯಾರೂ ಯೋಚಿಸುವುದಿಲ್ಲವಲ್ಲ ಅಂತ ನನಗೆ ಭಯವಾಯಿತು. ನಮ್ಮ ಮಗಳು ಮಿಂಚುವಿನ ಜೊತೆ ಒಂದೇ ಚಾಪೆಯಲ್ಲಿ ಬಿದ್ದುಕೊಂಡಿರುತ್ತಾಳೆ.

ಆದರೆ ಕಾಕಾಗೆ ಹೇಳೋದು ಹೇಗೆ? ಎರಡು ದಿನ ತಳ್ಳಿದೆ. ಕೊನೆಗೆ ಫೋನ್ ಮಾಡಿದೆ. ಅಂದುಕೊಂಡ ಹಾಗೇ ಆಯಿತು.

"ಏನ್ರೀ ಸರ, ನನ್ನ ನಾಯಿಗ್ಯಾಕ ಟೆಸ್ಟು? ಹುಲಿ ಇದ್ದಂಗ ಐತಿ. ಹೋದ ವರ್ಷದ ಹಿಂದಿನ ವರ್ಷ ಆರು ಮರಿ ಆಗ್ಯಾವ ಇದರವು!"

ಫೋನ್ ಇಟ್ಟುಬಿಟ್ಟರು. ಒಂದು ವಾರ ಮಾತಿಲ್ಲ. ಆಮೇಲೆ ಅವರೇ ಬಂದರು, ಸರ್ದಾರನನ್ನು ಜೀಪಿನಲ್ಲಿ ಕೂರಿಸಿಕೊಂಡು. ಇದು ಮನುಷ್ಯರಿಗೂ ಬರುತ್ತೆ ಅಂತ ನಾನು ಹೇಳಿದ್ದು ಅವರ ಮನೆಯವರ ಕಿವಿಗೆ ಬಿದ್ದಿತ್ತಂತೆ. ಎರಡೂ ರಕ್ತ ನೆಗೆಟಿವ್ ಬಂತು. ಆ ದಿನ ಮಾತ್ರ ನಾವಿಬ್ಬರೂ ಸಮಾಧಾನವಾಗಿ ಕೂತು ಚಹಾ ಕುಡಿದೆವು. ಮಿಂಚುವಿನ ಗರ್ಭಕೋಶದ ಸ್ಕ್ಯಾನ್ ಕೂಡ ಚೆನ್ನಾಗೇ ಇತ್ತು. ನೀರಿಲ್ಲ, ಗುಳ್ಳೆ ಇಲ್ಲ.

ಸರ್ದಾರನ ವೀರ್ಯ ಪರೀಕ್ಷೆ ದೊಡ್ಡ ಪ್ರಸಂಗವೇ ಆಯಿತು. ಕ್ಲಿನಿಕ್ಕಿನ ಟೈಲ್ಸ್ ನೆಲ ಜಾರುತ್ತಿತ್ತು. ತೋಟದಲ್ಲಿ ಹುಲಿಯಾಗಿದ್ದವನು ಅಲ್ಲಿ ಬಾಲ ಒಳಗೆ ಹಾಕಿಕೊಂಡು ಮೂಲೆಗೆ ಹೋದ. ಬರೀ ನೀರಿನಂಥದ್ದು ನಾಲ್ಕು ಹನಿ ಬಂತು. ಇದರಿಂದ ಏನೂ ಹೇಳೋಕಾಗಲ್ಲ, ಹೆದರಿದ ನಾಯಿ ಕೊಟ್ಟಿದ್ದನ್ನು ನೋಡಿ ನಾಯಿಗೆ ಶಕ್ತಿ ಇಲ್ಲ ಅಂದರೆ ಅನ್ಯಾಯ ಅಂದರು ಡಾಕ್ಟರ್. ನಾಲ್ಕು ದಿನ ಬಿಟ್ಟು ಅವರೇ ಮೈಕ್ರೋಸ್ಕೋಪ್ ಎತ್ತಿಕೊಂಡು ಕಾಕಾ ಮನೆಗೆ ಬಂದರು. ಅಲ್ಲೇ ಪಕ್ಕದ ಮನೆಯ ಬೆದೆಯ ಹೆಣ್ಣು ನಾಯಿ ಒಂದನ್ನು ಮುಂದೆ ನಿಲ್ಲಿಸಿದರು. ನೆಲಕ್ಕೆ ಗೋಣಿಚೀಲ. ಈ ಸಲ ಬಂತು. ತಣ್ಣಗಾದರೆ ಕೆಡುತ್ತದೆ ಅಂತ ಡಾಕ್ಟರ್ ಆ ಪುಟ್ಟ ಗಾಜಿನ ನಳಿಕೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಒಳಗೆ ಓಡಿದರು.

ನನಗೂ ನೋಡೋಕೆ ಬಿಟ್ಟರು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಕಣ್ಣು ಹೊಂದಿಕೊಂಡಿತು. ಬಾಲದ ಚುಕ್ಕಿಗಳು. ಕೆಲವು ಮುಂದಕ್ಕೆ ಈಜುತ್ತಿದ್ದವು. ಕೆಲವು ನಿಂತಲ್ಲೇ ಗಿರಕಿ ಹೊಡೆಯುತ್ತಿದ್ದವು. ಬಹಳಷ್ಟು ಸುಮ್ನೆ ಬಿದ್ದಿದ್ದವು. ಕೆಲವಕ್ಕೆ ಬಾಲ ಸುರುಳಿ ಸುತ್ತಿತ್ತು. ಆರೋಗ್ಯದ ನಾಯಿಯಲ್ಲಿ ನೂರಕ್ಕೆ ಎಪ್ಪತ್ತಾದರೂ ನೇರ ಈಜಬೇಕಂತೆ. ಇಲ್ಲಿ ಮೂವತ್ತು ಇದ್ದರೆ ಹೆಚ್ಚು. ಬಹಳ ದಿನ ಬಳಸದೆ ಇದ್ದ ನಾಯಿಯಲ್ಲಿ ಮೊದಲು ಬರುವುದು ಹಳೆಯ ಸರಕು, ಅದಕ್ಕೆ ಇನ್ನೊಮ್ಮೆ ನೋಡಬೇಕು ಅಂತ ಎರಡು ದಿನ ಬಿಟ್ಟು ಮತ್ತೆ ತೆಗೆದರು. ಹೆಚ್ಚು ವ್ಯತ್ಯಾಸ ಇರಲಿಲ್ಲ.

"ಕಾಕಾ, ನಾಯಿಗೆ ಜ್ವರ ಏನಾದ್ರೂ ಬಂದಿತ್ತಾ?"

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ದಸರಾದಾಗ ಉಣ್ಣಿ ಜ್ವರ ಬಂದಿತ್ರಿ. ಒಂದು ತಿಂಗಳ ಗುಳಿಗಿ ಬರೆದಿದ್ರು. ಹತ್ತು ದಿನಾ ಹಾಕಿದೆ. ರೊಟ್ಟಿ ತಿನ್ನಾಕ ಹತ್ತಿತು. ಇನ್ಯಾಕ ಅಂತ ಬಿಟ್ಟೆ."

ಉಣ್ಣಿ ಜ್ವರ ಅಂದರೆ ಎರ್ಲಿಕಿಯಾ, ಉಣ್ಣಿ ಕಚ್ಚಿ ಬರೋ ರೋಗ. ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ ಇಪ್ಪತ್ತೆಂಟು ದಿನ ಕೊಡಬೇಕು. ನಡುವೆ ಬಿಟ್ಟರೆ ನಾಯಿ ಹುಷಾರಾದ ಹಾಗೆ ಕಾಣುತ್ತದೆ, ರೋಗ ಒಳಗೇ ಕೂತಿರುತ್ತದೆ. ರಕ್ತ ನೋಡಿದಾಗ ಪ್ಲೇಟ್‌ಲೆಟ್ ಇನ್ನೂ ಕಡಿಮೆ ಇತ್ತು. ನಾಯಿಯ ಬೀಜದಲ್ಲಿ ಒಂದು ವೀರ್ಯಾಣು ತಯಾರಾಗೋಕೆ ಸುಮಾರು 62 ದಿನ ಬೇಕಂತೆ. ಹಾಗಾಗಿ ಒಂದು ಜೋರು ಜ್ವರದ ಪೆಟ್ಟು ಎರಡು ತಿಂಗಳು ಬಿಟ್ಟೂ ಕಾಣುತ್ತದೆ. ದಸರಾದ ಜ್ವರ, ನವೆಂಬರಿನ ಬೆದೆ. ನಾನು ಬೆರಳು ಮಡಚಿ ಎಣಿಸಿದೆ.

ಇನ್ನೊಂದು ವಿಷಯ ಡಾಕ್ಟರ್ ಅಲ್ಲೇ ಕಂಡುಹಿಡಿದರು. ಸರ್ದಾರನನ್ನು ಕಟ್ಟುತ್ತಿದ್ದದ್ದು ಜಿಂಕ್ ಶೀಟಿನ ಗೂಡಿನಲ್ಲಿ. ಮಾರ್ಚ್ ತಿಂಗಳ ಮಧ್ಯಾಹ್ನ ಒಳಗೆ ಕೈ ಇಟ್ಟರೆ ಒಲೆ. ಬೀಜ ದೇಹದ ಹೊರಗೆ ಇರೋದೇ ತಂಪಾಗಿರಲಿ ಅಂತ. ಸರ್ದಾರನಿಗೆ ವಯಸ್ಸೂ ಏಳಾಗಿತ್ತು, ಪ್ರಾಸ್ಟೇಟ್ ಸ್ವಲ್ಪ ದಪ್ಪವಾಗಿತ್ತು. ಅದಕ್ಕೂ ಮಾತ್ರೆ ಕೊಟ್ಟರು.

ಕಾಕಾ ಗೂಡನ್ನು ಹುಣಸೆ ಮರದ ಕೆಳಗೆ ಸಾಗಿಸಿದರು, ಮೇಲೆ ತೆಂಗಿನ ಗರಿ ಹೊದಿಸಿದರು. ಗರಿ ನಮ್ಮ ತೋಟದ್ದೇ. ಈ ಸಲ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಮಾತ್ರೆ ಹಾಕಿದ ಮೇಲೆ ಖಾಲಿ ಪಟ್ಟಿಯ ಫೋಟೊ ನನಗೆ ಕಳಿಸೋರು. ಬೇಡ ಕಾಕಾ ಅಂದರೂ ಕೇಳಲಿಲ್ಲ. ಎರಡೂವರೆ ತಿಂಗಳು ಬಿಟ್ಟು ಜೂನ್‌ನಲ್ಲಿ ಮತ್ತೆ ಪರೀಕ್ಷೆ. ಅರವತ್ತು ಅಂದರು ಡಾಕ್ಟರ್. ಹರೆಯದ ನಾಯಿಯಷ್ಟಲ್ಲ, ಆದರೆ ದಿನ ಸರಿಯಾಗಿ ಹಿಡಿದರೆ ಸಾಕು.

ನಡುವೆ ಒಬ್ಬರು ಬೇರೆ ಗಂಡು ತೋರಿಸಿದರು, ಮಿಂಚುವಿನ ತಾಯಿಯ ಮಗನೇ. ತಳಿ ಶುದ್ಧ ಉಳಿಯುತ್ತೆ ಅಂದರು. ಒಡಹುಟ್ಟಿದವರ ನಡುವೆ ಮಾಡಿಸಿದರೆ ಮರಿ ಕಡಿಮೆಯಾಗುತ್ತಾ ಹೋಗುತ್ತದೆ, ಹುಟ್ಟಿದವೂ ಗಟ್ಟಿ ಇರಲ್ಲ. ಬೇಡ ಅಂದೆ.

ಮುಂದಿನ ಬೆದೆಗೆ ಕಾಯುತ್ತಾ ನಾನು ದಿನಾ ಬೆಳಿಗ್ಗೆ ಬಿಳಿ ಟಿಶ್ಯೂ ಹಿಡಿದು ಮಿಂಚುವಿನ ಹಿಂದೆ ಅಲೆಯುತ್ತಿದ್ದೆ. ನೆಲದ ಮೇಲೆ ಹನಿ ಕಂಡ ದಿನ ಮೊದಲ ದಿನವಲ್ಲ ಅಂತ ಡಾಕ್ಟರ್ ಹೇಳಿದ್ದರು. ಚೊಕ್ಕಟ ನಾಯಿ ಎರಡು ಮೂರು ದಿನ ತಾನೇ ನೆಕ್ಕಿ ಒರೆಸಿಕೊಂಡುಬಿಡುತ್ತದೆ. ಹೆಂಡತಿ ನನ್ನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. 2023ರ ಜುಲೈ 3ಕ್ಕೆ ಟಿಶ್ಯೂ ಮೇಲೆ ತಿಳಿ ಕೆಂಪು ಕಂಡಿತು. ನೆಲದ ಮೇಲೆ ಹನಿ ಬಿದ್ದದ್ದು 5ಕ್ಕೆ.

ಅಲ್ಲಿಂದ ಎರಡು ಮೂರು ದಿನಕ್ಕೊಮ್ಮೆ ತುಮಕೂರು. ಹತ್ತಿಯ ಕಡ್ಡಿಯಲ್ಲಿ ಒರೆಸಿ ಗಾಜಿನ ಮೇಲೆ ಉಜ್ಜಿ ಬಣ್ಣ ಹಾಕಿ ನೋಡೋರು. ಮೊದಲು ದುಂಡು ಕೋಶಗಳು, ನಡುವೆ ದೊಡ್ಡ ಚುಕ್ಕಿ. ದಿನ ಕಳೆದ ಹಾಗೆ ಅವು ಅಗಲವಾಗಿ, ಮೂಲೆ ಮೂಲೆಯಾಗಿ, ಚುಕ್ಕಿ ಮಾಯವಾಗಿ, ಥೇಟ್ ಮುರಿದ ಹಪ್ಪಳದ ಚೂರುಗಳ ಹಾಗೆ ಆದವು. ಹಪ್ಪಳ ಜಾಸ್ತಿಯಾದರೆ ಹತ್ತಿರ ಬಂತು ಅಂತ ಅರ್ಥ. ಆದರೆ ಅಂಡ ಯಾವ ದಿನ ಬಂತು ಅಂತ ಹಪ್ಪಳ ಹೇಳಲ್ಲ. ಅದಕ್ಕೆ ರಕ್ತದಲ್ಲಿ ಪ್ರೊಜೆಸ್ಟರಾನ್ ನೋಡಬೇಕು.

ಆ ಪರೀಕ್ಷೆ ಮಾಡೋದು ಮನುಷ್ಯರ ಲ್ಯಾಬಿನಲ್ಲಿ. ಕೌಂಟರಿನಲ್ಲಿದ್ದ ಹುಡುಗಿ ಚೀಟಿ ನೋಡಿದಳು. ಹೆಸರು ಮಿಂಚು, ಹೆಣ್ಣು, ವಯಸ್ಸು 3.

"ಸರ್, ಮೂರು ವರ್ಷದ ಮಗುಗೆ ಯಾಕೆ ಸರ್ ಈ ಟೆಸ್ಟು?" ಅವಳ ಮುಖ ಗಾಬರಿಯಾಗಿತ್ತು.

"ನಾಯಿ ಕಣಮ್ಮ" ಅಂದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಒಂಬತ್ತನೇ ದಿನ 0.7 ಬಂತು. ಹನ್ನೆರಡಕ್ಕೆ 1.2. ಕಾಕಾಗೆ ತಡೆಯೋಕಾಗಲಿಲ್ಲ, "ಸರ, ದಿನಾ ದಾಟಾಕ ಹತ್ಯಾವ್ರೀ" ಅಂತ ಎರಡು ಸಲ ಫೋನ್. ಹದಿನೈದಕ್ಕೆ 2.3. ಈಗ ಶುರುವಾಯಿತು, ಇನ್ನೆರಡು ದಿನಕ್ಕೆ ಅಂಡ ಬರುತ್ತೆ ಅಂದರು ಡಾಕ್ಟರ್. ಹದಿನೇಳನೇ ದಿನ, ಜುಲೈ 19ಕ್ಕೆ, 5.4. ಆದರೂ ಅವತ್ತೇ ಬಿಡಬೇಡಿ ಅಂದರು. ನಾಯಿಯ ಅಂಡ ಹೊರಬಂದಾಗ ಇನ್ನೂ ಹಸಿ, ಮಾಗೋಕೆ ಮತ್ತೆ ಎರಡು ಮೂರು ದಿನ ಬೇಕು.

ಅಂದರೆ ಹತ್ತೊಂಬತ್ತನೇ ದಿನ! ನಾವು ಮೊದಲ ಸಲ ಹತ್ತಕ್ಕೆ, ಹನ್ನೆರಡಕ್ಕೆ ಬಿಟ್ಟಿದ್ದೆವು, ಎರಡನೇ ಸಲ ಹೆಚ್ಚೆಂದರೆ ಹದಿಮೂರಕ್ಕೆ. ನನ್ನ ಲೆಕ್ಕದಲ್ಲಿ ತಪ್ಪಿಹೋದ ಎರಡು ದಿನ ಸೇರಿಸಿದರೂ ಹದಿನೈದು. ಒಳ್ಳೆ ವೀರ್ಯಾಣು ಹೆಣ್ಣಿನ ಮೈಯೊಳಗೆ ಐದಾರು ದಿನ ಬದುಕುತ್ತದೆ. ಹಾಗಾಗಿ ಗಟ್ಟಿ ಗಂಡಾಗಿದ್ದರೆ ಕಾಕಾ ಅಪ್ಪನ ಲೆಕ್ಕವೂ ಒಮ್ಮೊಮ್ಮೆ ನಡೆದುಹೋಗುತ್ತಿತ್ತು. ಸರ್ದಾರನದ್ದು ಅಷ್ಟು ದಿನ ತಾಳಲಿಲ್ಲ. ಮೊದಲ ಸಲವೂ ಹೀಗೇ ಆಗಿತ್ತಾ ಅಂತ ಕೇಳಿದೆ. ಅದೇ ನಾಯಿಗೂ ಪ್ರತಿ ಬೆದೆಯಲ್ಲಿ ದಿನ ಬದಲಾಗಬಹುದು, ಹಳೇದನ್ನ ಈಗ ಹೇಳೋಕಾಗಲ್ಲ ಅಂದರು ಡಾಕ್ಟರ್.

ಜುಲೈ 21ರ ಬೆಳಿಗ್ಗೆ, 23ರ ಬೆಳಿಗ್ಗೆ. ಎರಡು ದಿನವೂ ತಂಪು ಹೊತ್ತಿನಲ್ಲಿ, ಹುಣಸೆ ಮರದ ಕೆಳಗೆ. ಲಾಕ್ ಆದಾಗ ಕಾಕಾ ಖುಷಿಪಡಲಿಲ್ಲ. ಲಾಕ್ ಆದ ಮಾತ್ರಕ್ಕೆ ಏನೂ ಅಲ್ಲ ಅಂತ ಈಗ ಅವರೇ ನನಗೆ ಹೇಳಿದರು.

ಆಗಸ್ಟ್ 18ಕ್ಕೆ ಸ್ಕ್ಯಾನ್. ಬೂದು ಪರದೆಯಲ್ಲಿ ಕಪ್ಪು ದುಂಡಗೆ ಒಂದು, ಎರಡು, ಮೂರು... ಐದು. ಒಂದೊಂದರ ಒಳಗೂ ರಾಗಿ ಕಾಳಿನಷ್ಟು ಏನೋ ಮಿಣಕ್ ಮಿಣಕ್ ಅನ್ನುತ್ತಿತ್ತು. ಅದು ಹೃದಯ ಅಂದರು.

ಅಂಡ ಬಂದ ದಿನದಿಂದ ಅರವತ್ತಮೂರು ಲೆಕ್ಕ ಹಾಕಿ ಸೆಪ್ಟೆಂಬರ್ 20 ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಗಣೇಶನ ಹಬ್ಬಕ್ಕೆ ನಾಲ್ಕು ದಿನ ಮೊದಲು ಮಿಂಚು ಮತ್ತೆ ತೋಟಕ್ಕೆ ಹೋಗಿ ಒಂದು ಹರಳು ಕಚ್ಚಿ ತಂದು ಹಾಸಿಗೆಯಲ್ಲಿಟ್ಟಳು. ಸ್ಕ್ಯಾನ್ ನೋಡಿದ್ದರೂ ನನ್ನ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು. ಹಬ್ಬದ ಮಾರನೇ ರಾತ್ರಿ ಥರ್ಮಾಮೀಟರ್ ಇಟ್ಟೆ. ದಿನಾ 101ರ ಹತ್ತಿರ ಇರುತ್ತಿದ್ದದ್ದು 98.4ಕ್ಕೆ ಇಳಿದಿತ್ತು. ಕಾಕಾಗೆ ಮೆಸೇಜ್ ಹಾಕಿದೆ.

20ರ ಸಂಜೆ ಏಳೂಕಾಲಿಗೆ ಮೊದಲನೆಯದು. ಹನ್ನೊಂದರ ಒಳಗೆ ನಾಲ್ಕು. ಐದನೆಯದು ಬರಲಿಲ್ಲ. ಒಳಗೇ ಕರಗಿಹೋಗಿರಬಹುದು, ಹಾಗೆ ಆಗೋದು ಉಂಟು ಅಂದರು ಡಾಕ್ಟರ್ ಫೋನಿನಲ್ಲಿ.

ಬೆಳಿಗ್ಗೆ ಆರಕ್ಕೇ ಕಾಕಾ ಬಂದರು, ಕೈಯಲ್ಲಿ ಬೆಲ್ಲ. ಬಾಗಿಲಲ್ಲೇ ಕೂತು ಬಹಳ ಹೊತ್ತು ನೋಡಿದರು, ಒಳಗೆ ಬರಲಿಲ್ಲ. ನಾನು ಹಾಸಿಗೆ ಚೊಕ್ಕಟ ಮಾಡೋಣ ಅಂತ ಮೂಲೆಯಲ್ಲಿದ್ದ ಆ ಹರಳನ್ನು ಎತ್ತಿ ಹೊರಗೆ ಹಾಕಿದೆ. ಮಿಂಚು ಎದ್ದಳು. ಮೊಲೆಗೆ ಅಂಟಿಕೊಂಡಿದ್ದ ಒಂದು ಮರಿ ಜಾರಿ ಬಿತ್ತು. ಹೊರಗೆ ಹೋಗಿ ಹರಳನ್ನು ಕಚ್ಚಿ ತಂದು ನಾಲ್ಕು ಮರಿಗಳ ನಡುವೆ ಇಟ್ಟು ಮಲಗಿದಳು.

ಮತ್ತೆ ಕೈ ಹಾಕೋಕೆ ಹೋದೆ. ಅಮ್ಮ ಬೇಡ ಅಂದರು.

"ಇರ್ಲಿ ಬಿಡೋ. ಅದು ಅವಳ ಮೊದಲನೇ ಮಗು."